ಔರಾದಕ್ಕೆ ಗಾಡಿಯಲ್ಲಿ ಹೋದ ಸೈಕಲ್ಲು

ಈ ಬರಹದಲ್ಲಿ ಕೆಲವು ತಪ್ಪುಗಳಿರಬಹುದು. ಸೈಕಲ್ಲಿನ ಬಣ್ಣ ಹಸಿರು ಎಂದು ನನ್ನ ನೆನಪು. ಕಪ್ಪು ಎನ್ನುತ್ತಾಳೆ ಅಕ್ಕ. ಭಾಲ್ಕಿಯಲ್ಲಿ ನಾನು ಒಂದೇ ದಿನ ಕಾದೆನೆಂದು ದಿನಚರಿಯಲ್ಲಿದೆ, ನನಗಂತೂ ಅದು ಮೂರು ದಿನವೆಂದೇ ಅನ್ನಿಸುತ್ತದೆ. ದಿನಚರಿಯನ್ನಾದರೂ ಪೂರ್ತಿ ನಂಬುವಂತಿಲ್ಲ. ಅದರ ಅರ್ಧ ಎತ್ತಿನ ಗಾಡಿಯಲ್ಲಿ ಕುಳಿತು ಪೆನ್ಸಿಲಿನಿಂದ ಬರೆದದ್ದು, ಉಳಿದರ್ಧ ಸಿಟ್ಟಿನಲ್ಲಿ ಬರೆದದ್ದು. ಸಿಟ್ಟಿನಲ್ಲಿ ಬರೆಯುವವರು ತಮ್ಮ ತಪ್ಪನ್ನು ಬರೆದುಕೊಳ್ಳುವುದಿಲ್ಲ.

ಹೋದದ್ದು ಯಾಕೆಂಬುದು ಮಾತ್ರ ಖಚಿತ. ನನ್ನ ಅಕ್ಕ ಔರಾದದ ದವಾಖಾನೆಯಲ್ಲಿ ನರ್ಸು. ಅವಳ ಪತ್ರ ಈಗಲೂ ನನ್ನ ಹತ್ತಿರವಿದೆ:

“ಹೋದ ವರ್ಷ ಚಿಂತಾಕಿಯ ಗೌರವ್ವನ ಹೆರಿಗಿಗೆ ನಾ ಮುಟ್ಟೂದರಾಗ ಕೂಸು ಹೋಗಿತ್ತು. ಗಾಡಿ ತಡಾ ಆತು. ಆಕಿ ಈಗ ಮತ್ತ ಬಸರು. ಮಿರಗದ ಮಳಿಯಾಗ ದಿನಾ ತುಂಬತಾವ. ಈ ಸಲ ನಾ ಮೊದಲ ಮುಟ್ಟಬೇಕು. ನನಗೊಂದು ಸೈಕಲ್ ತಗೊಂಡು ಬಾ. ಹೊಡಿಯೂದು ಕಲಿಸು.”

ಧಾರವಾಡದ ಕಾಲೇಜಿನ ಹಿಂದಿನ ಬಯಲಿನಲ್ಲಿ ನಾನು ಸೈಕಲ್ ಹೊಡೆಯುತ್ತಿದ್ದೆ. ಅದರಿಂದ ನನಗೆ ಬಂದ ಹೆಸರು ಮನೆಯಲ್ಲಿ ಯಾರಿಗೂ ಹಿಡಿಸಿರಲಿಲ್ಲ. ಆದ್ದರಿಂದ ನಾನು ಕೆಲವು ದಿನ ಮೊಗಲಾಯಿಗೆ ಹೋಗುತ್ತೇನೆಂದರೆ ಯಾರೂ ತಡೆಯಲಿಲ್ಲ. ನಿಜಾಮರ ಸೀಮೆಗೆ ನಮ್ಮ ಕಡೆ ಮೊಗಲಾಯಿ ಎನ್ನುತ್ತಾರೆ. ಅಲ್ಲಿಯ ನಾಣ್ಯ ಬೇರೆ, ತಿಂಗಳ ಹೆಸರು ಬೇರೆ, ಅಂಚೆ ಚೀಟಿ ಬೇರೆ. ಹಡಗು ಹತ್ತುವುದೊಂದು ಬಿಟ್ಟರೆ ಪರದೇಶಕ್ಕೆ ಏನೂ ಕಡಿಮೆಯಿಲ್ಲ.

ಹೊರಡುವ ಮೊದಲು ಭಾವನಿಂದ ಇನ್ನೊಂದು ಪತ್ರ ಬಂತು. ಅಕ್ಕನ ಗಂಡ ಬೀದರದಲ್ಲಿ ಒಬ್ಬ ಗುತ್ತೇದಾರರ ಬಳಿ ರಸ್ತೆಯ ಓವರಸೀಯರ. ಪುಸ್ತಕವಿಲ್ಲದೆ ಸುಣ್ಣವನ್ನೂ ಕಲಸದ ಮನುಷ್ಯ. ಪತ್ರದ ತುಂಬ ನಾನು ಓದಿ ಬರಬೇಕಾದ ಪುಸ್ತಕಗಳ ಪಟ್ಟಿ. ಸೈಕಲ್ಲಿನ ಪೋಷಣೆಯ ಬಗ್ಗೆ ಒಂದು, ರೈಲಿನಿಂದ ದೇಶಗಳು ಉದ್ಧಾರವಾದ ಬಗ್ಗೆ ಒಂದು, ಊರುಗಳನ್ನು ಹೇಗೆ ಕಟ್ಟಬೇಕೆಂಬ ಬಗ್ಗೆ ಇಟ್ಟಿಗೆಯಷ್ಟು ದಪ್ಪದ ಒಂದು. ಮೂರನ್ನೂ ಕಾಲೇಜಿನ ವಾಚನಾಲಯದಿಂದ ತಂದು, ಮೂರನ್ನೂ ಓದಿ, ಮೂರನ್ನೂ ಹೊತ್ತುಕೊಂಡು ಹೋದೆ. ಇಂಥ ವಿಷಯಗಳಿಗೆ ಯಾವ ಪುಸ್ತಕ ಓದಬೇಕೆಂದು ಗೆಳತಿಯರು ಈಗ ನನ್ನನ್ನು ಕೇಳುತ್ತಾರೆ. ಈ ಬರಹ ಅವರಿಗೆ ನನ್ನ ಉತ್ತರ.

ಬೀದರ ನಿಲ್ದಾಣ

ಗದಗ, ಹೊಟಗಿ, ವಾಡಿ, ವಿಕಾರಾಬಾದ. ಪ್ರತಿ ಸಲ ಗಾಡಿ ಬದಲಿಸುವಾಗಲೂ ಸೈಕಲ್ಲು ಇಳಿಯಿತೇ ಹತ್ತಿತೇ ಎಂದು ಬ್ರೇಕ್ ವ್ಯಾನಿನವರೆಗೆ ಓಡಿ ಓಡಿ ನನ್ನ ಚಪ್ಪಲಿಯ ಉಂಗುಷ್ಠ ಹರಿದುಹೋಯಿತು. ರೈಲು ಪ್ರಯಾಣಿಕನಿಗೆ ವಿಶ್ರಾಂತಿ ಕೊಡುತ್ತದೆಂದು ಭಾವನ ಎರಡನೆಯ ಪುಸ್ತಕದಲ್ಲಿ ಒಂದು ಅಧ್ಯಾಯವೇ ಇದೆ. ಬರೆದವನ ಬಳಿ ಸೈಕಲ್ಲು ಇದ್ದಿರಲಿಕ್ಕಿಲ್ಲ.

ಬೀದರದಲ್ಲಿ ಸುಂಕದವರು ಹಿಡಿದರು. ಮನೆಯಲ್ಲಿ ಬಳಸಿದ ವಸ್ತುವಾದರೆ ಹಾಗೇ ಬಿಡುತ್ತಾರೆ, ಹೊಸದಾದರೆ ಸುಂಕ. ಬಿಳಿ ಗಡ್ಡದ ಮುನ್ಶಿಯೊಬ್ಬರು ಸೈಕಲ್ಲಿನ ಸುತ್ತ ಎರಡು ಸಲ ತಿರುಗಿದರು.

“ಬಾಯಿ, ಇದು ನಯಾ ಅದನೋ, ಪುರಾನಾ?”

“ಹಳೇದ್ರಿ. ನಾನೇ ಹೊಡದೇನಿ.”

“ನೀವು? ಔರತ್ ಜಾತ್?” ಅವರು ಪಕ್ಕದ ಜವಾನನ ಮುಖ ನೋಡಿದರು. “ಹೊಡದು ತೋರಸ್ರಿ ಹಂಗಾದ್ರ.”

ತೋರಿಸದೆ ಬೇರೆ ದಾರಿಯಿರಲಿಲ್ಲ. ಕಚ್ಚೆ ಬಿಗಿದು ಹತ್ತಿದೆ. ಇಡೀ ನಿಲ್ದಾಣ ಕೆಲಸ ಬಿಟ್ಟು ನಿಂತಿತು. ನೀರು ಕೊಡುವವನ ಕೊಡ ತುಂಬಿ ಹರಿಯಿತು. ಹತ್ತು ಮಾರು ಹೋಗಿ ತಿರುವಿನಲ್ಲಿ ಜೋಳದ ಚೀಲಗಳ ರಾಶಿಗೆ ಹೊಡೆದೆ. ಮುಂದಿನ ಮಡ್‌ಗಾರ್ಡು ಎಲೆಯ ಹಾಗೆ ಮಡಚಿಕೊಂಡಿತು. ಮುನ್ಶಿ ಓಡಿ ಬಂದು ನನ್ನನ್ನಲ್ಲ, ಮಡ್‌ಗಾರ್ಡನ್ನು ಮುಟ್ಟಿ ನೋಡಿದರು.

“ಹಾಂ! ಪುರಾನಾ ಅದ. ಹೋಗ್ರಿ ಬಾಯಿ, ಖುದಾ ಹಾಫಿಜ್.”

ಚೌಬಾರಾ

ಭಾವ ನನ್ನ ಮೊಣಕಾಲಿನ ಗಾಯಕ್ಕಿಂತ ಮೊದಲು ಪುಸ್ತಕಗಳನ್ನು ವಿಚಾರಿಸಿದರು. ಮೂರೂ ಕ್ಷೇಮವೆಂದು ತಿಳಿದ ಮೇಲೆ ಚಹ ಬಂತು.

ಮರುದಿನವೇ ಔರಾದಕ್ಕೆ ಹೊರಡಬೇಕೆಂದು ನಾನು ಹೇಳಿದೆ. ಅವರು ಎರಡು ದಿನ ಇಟ್ಟುಕೊಂಡರು. ಮೊದಲ ದಿನ ಮಡ್‌ಗಾರ್ಡನ್ನು ಬಡಿಸಿ ನೆಟ್ಟಗೆ ಮಾಡಿಸಿದರು. ಅದಿಲ್ಲದೆ ಸೈಕಲ್ಲು ಹೊರಗೆ ತೆಗೆಯಬಾರದೆಂದು ಪುಸ್ತಕದಲ್ಲಿದೆಯಂತೆ. ಎರಡನೆಯ ದಿನ ಊರು ತೋರಿಸುತ್ತೇನೆಂದು ಕರೆದುಕೊಂಡು ಹೋದರು. ಬೀದರದ ಹಳೆಯ ಊರಿನ ನಡುವೆ ಚೌಬಾರಾ ಎಂಬ ದುಂಡನೆಯ ಎತ್ತರದ ಗೋಪುರವಿದೆ, ಅದರ ಬುಡದಿಂದ ನಾಲ್ಕು ದಿಕ್ಕಿಗೆ ನಾಲ್ಕು ರಸ್ತೆ. ನಮ್ಮ ಧಾರವಾಡದಲ್ಲಿ ದಿಕ್ಕು ಕೇಳಿದರೆ ಏರು ಎನ್ನುತ್ತಾರೆ, ಇಳಿಜಾರು ಎನ್ನುತ್ತಾರೆ. ಇಲ್ಲಿ ಯಾರನ್ನು ಕೇಳಿದರೂ ಚೌಬಾರಾದಿಂದ ಇಷ್ಟು ದೂರ ಎನ್ನುತ್ತಾರೆ. ಊರು ಕಟ್ಟಿದವನಿಗೆ ತಲೆಯಿತ್ತು ಎಂದು ನನಗನ್ನಿಸಿತು. ಭಾವನಿಗೆ ಹಾಗನ್ನಿಸಲಿಲ್ಲ.

“ಪುಸ್ತಕದಾಗ ಇದ್ದಷ್ಟು ಅಗಲ ಇಲ್ಲ ನೋಡು ತಂಗಿ,” ಎಂದು ಕಿಸೆಯಿಂದ ಅಳತೆಯ ಪಟ್ಟಿ ತೆಗೆದು ಒಂದು ತುದಿ ನನ್ನ ಕೈಗೆ ಕೊಟ್ಟರು.

ನಡುಬೀದಿಯಲ್ಲಿ ನಾನು ಪಟ್ಟಿ ಹಿಡಿದು ನಿಂತೆ. ಬಳೆಯಂಗಡಿಯವನೊಬ್ಬ ಅದನ್ನು ಕಂಡದ್ದೇ ತನ್ನ ಮುಂಗಟ್ಟಿನ ಹಲಗೆಯನ್ನು ಒಳಗೆ ಎಳೆದುಕೊಂಡ. ಅವನನ್ನು ನೋಡಿ ಪಕ್ಕದವನು ಎಳೆದುಕೊಂಡ. ರಸ್ತೆ ಅಗಲ ಮಾಡುವವರು ಬಂದರೆಂದು ಸುದ್ದಿ ಹಬ್ಬಿ, ನಾವು ತುದಿ ಮುಟ್ಟುವುದರೊಳಗೆ ಬೀದಿ ತಾನಾಗಿಯೇ ಮೂರು ಮೊಳ ಅಗಲವಾಗಿತ್ತು. ಭಾವ ಅದನ್ನು ಬರೆದುಕೊಂಡರು. ನಾವು ಬೆನ್ನು ತಿರುಗಿಸಿದ ಕೂಡಲೇ ಹಲಗೆಗಳೆಲ್ಲ ಹೊರಬಂದವು. ಅದನ್ನು ಬರೆದುಕೊಳ್ಳಲಿಲ್ಲ.

ಸಂಜೆ ನೌಬಾದದ ಆಚೆ ಹೋಗಿ ಔರಾದಕ್ಕೆ ಹೋಗಲಿರುವ ತಮ್ಮ ರಸ್ತೆಯನ್ನು ತೋರಿಸಿದರು. ಸಾಲಾಗಿ ಜಲ್ಲಿಯ ಗುಡ್ಡೆಗಳು. ಗುಡ್ಡೆಗಳ ಮೇಲೆ ಹುಲ್ಲು, ಹುಲ್ಲಿನ ಮೇಲೆ ಆಡುಗಳು.

“ರಸ್ತಾ ಒಂದು ಆಗಲಿ, ಮೋಟಾರನ ಬರ್ತದ. ನಿಮ್ಮ ಅಕ್ಕಗ ತಡಿ ಅಂತ ಹೇಳ್ತೇನಿ, ಕೇಳೂದಿಲ್ಲ.”

“ಗೌರವ್ವ ತಡೀತಾಳೇನ್ರಿ ಭಾವಾ?” ಎಂದೆ.

ಅವರು ಜಲ್ಲಿಯ ಮೇಲಿನ ಆಡುಗಳನ್ನು ಓಡಿಸಿದರು. ಮನೆಗೆ ಬಂದ ಮೇಲೆ, ರೈಲು ಇರುವಷ್ಟು ದೂರ ರೈಲಿನಲ್ಲೇ ಹೋಗುವುದು ಶಾಸ್ತ್ರ, ಭಾಲ್ಕಿಯವರೆಗೆ ಅದರಲ್ಲಿ ಹೋಗಿ ಅಲ್ಲಿಂದ ಗಾಡಿ ಮಾಡಿಕೋ ಎಂದು ತೀರ್ಪು ಕೊಟ್ಟರು. ನೆಟ್ಟಗೆ ಹೊರಟಿದ್ದರೆ ಅಷ್ಟರಲ್ಲಿ ಔರಾದದಲ್ಲಿರುತ್ತಿದ್ದೆ.

ಭಾಲ್ಕಿ

ಭಾಲ್ಕಿಯಲ್ಲಿ ನಾನು ಇಳಿದೆ. ಸೈಕಲ್ಲು ಇಳಿಯಲಿಲ್ಲ. ಅದರ ಮೇಲೆ ಯಾರೋ ಬೀಜದ ಚೀಲಗಳನ್ನು ಒಟ್ಟಿದ್ದರು. ಗಾರ್ಡು ವ್ಯಾನಿನ ಬಾಗಿಲಲ್ಲಿ ನಿಂತು, “ಕೆಳಗ ಸಿಕ್ಕಾದ್ರಿ! ನಾಳೆ ಹೊಳ್ಳಿ ಬರುವಾಗ ಇಳಸ್ತೇನಿ!” ಎಂದು ಕೂಗಿದ. ಅವನ ಹಸಿರು ಬಾವುಟ ಬೀಸುತ್ತಲೇ ಇತ್ತು. ಯಾವ ಊರಿಗೋ ಹೋಗುತ್ತಿರುವ ಸೈಕಲ್ಲನ್ನು ನೋಡುತ್ತ ಮೂರು ಪುಸ್ತಕಗಳೊಂದಿಗೆ ನಾನು ನಿಂತೆ.

ಭಾವನ ಪರಿಚಯದ ಒಬ್ಬ ವರ್ತಕರ ಮನೆಯಲ್ಲಿ ಉಳಿದೆ. ಅವರ ತಾಯಿ, ಎಲ್ಲರೂ ಆಯಿ ಎಂದು ಕರೆಯುವ ಮುದುಕಿ, ಲಿಂಗಪೂಜೆ ಮುಗಿಸಿ ಬಂದು ನನ್ನೆದುರು ಕೂತರು. ಏನು ತಂದಿದ್ದೀ, ಯಾರಿಗೆ, ಯಾಕೆ ಎಂದೆಲ್ಲ ಕೇಳಿ, ಕೊನೆಗೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಹೆರಿಗಿಗಿ ಸೈಕಲ್ ಮ್ಯಾಲ ಹೋಗ್ತಾಳ ನಿಮ್ಮ ಅಕ್ಕ? ಯಾರ ಮನಿಗಿ?”

“ಯಾರ ಮನಿಗಾದ್ರೂ ರೀ. ಬ್ಯಾನಿ ಎದ್ದವರ ಮನಿಗಿ.”

“ಹುಚ್ಚಿ! ಗಾಡಿ ಕಳಸೂದು ಅಂದ್ರನ ಕರಿಯೂದು. ಗಾಡ್ಯಾಗ ಕಂಬಳಿ ಹಾಸಬೇಕು, ಮನಿಯ ಗಂಡಸೊಬ್ಬ ಸಂಗಡ ಹೋಗಬೇಕು. ಬಂದ ಮ್ಯಾಲ ಗಾಲಿಗಿ ನೀರು ಹಾಕಿ ಇಳಿಸ್ಕೋಬೇಕು. ತಾನಾಗಿ ಬಂದ ಸೂಲಗಿತ್ತಿನ್ನ ಯಾರು ಒಳಗ ಕರೀತಾರ?”

“ಗಾಡಿ ಬರೂತನಕ ಕೂಸು ಕಾಯ್ತದೇನ್ರಿ ಆಯಿ?”

“ಕೂಸು ಕಾಯೂದಿಲ್ಲವ್ವಾ. ಮಂದಿ ಕಾಯ್ತಾರ,” ಎಂದು ಅವರು ಮತ್ತೆ ರೊಟ್ಟಿ ಮುರಿಯತೊಡಗಿದರು.

ಆ ಮಾತನ್ನು ಮೂಢತನವೆಂದು ದಿನಚರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಗೆರೆ ಕಾಗದ ಹರಿಯುವಷ್ಟು ಜೋರಾಗಿದೆ. ಮರುದಿನ ಸೈಕಲ್ಲು ಬಂತು.

ಠಾಣಾ ಕುಶನೂರಿನ ದಾರಿ

ಗಾಡಿ ಹೊಡೆಯುವ ಮಾಣಿಕಪ್ಪ ನನ್ನ ಟ್ರಂಕು ಏರಿಸಿ, ಸೈಕಲ್ಲನ್ನು ನೋಡಿ, “ಇದೂ ಹಾಕಲೇನ್ರಿ ಅಕ್ಕೋರ?” ಎಂದ. ಬೇಡವೆಂದೆ. ಓಡಿಸುವ ವಸ್ತುವನ್ನು ಗಾಡಿಯಲ್ಲಿ ಹೇರಲು ನನಗೆ ಅಭಿಮಾನ ಅಡ್ಡ ಬಂತು. ಗಾಡಿ ಹಿಂದೆ ಉಳಿಯಿತು. ನಾನು ಮುಂದೆ ಮುಂದೆ ಹೋಗಿ, ಮರದ ಕೆಳಗೆ ಇಳಿದು, ಗಾಡಿ ಬರುವವರೆಗೆ ಗತ್ತಿನಿಂದ ಕಾಯುತ್ತಿದ್ದೆ. ಆ ಗತ್ತು ನಡುದಾರಿಯ ಠಾಣಾ ಕುಶನೂರಿನವರೆಗೂ ಬಾಳಲಿಲ್ಲ. ಮಿರಗದ, ಎಂದರೆ ಮೃಗಶಿರೆಯ, ಮೊದಲ ಮಳೆ ಹೊಡೆಯಿತು.

ಧಾರವಾಡದ ಕೆಂಪು ಮಣ್ಣು ಸೀರೆಗೆ ಹತ್ತುತ್ತದೆ, ಬೈದುಕೊಂಡು ಒಗೆಯುತ್ತೇವೆ. ಇಲ್ಲಿಯ ಕಪ್ಪು ಎರೆ ಮಣ್ಣು ಹತ್ತಿದರೆ ಬಿಡುವುದಿಲ್ಲ. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ನಾದಿದ ಹಿಟ್ಟಿನಂತೆ ತುಂಬಿಕೊಂಡು ಸೈಕಲ್ಲನ್ನು ನಿಲ್ಲಿಸಿಬಿಟ್ಟಿತು. ಕಡ್ಡಿಯಿಂದ ಕೆದರಿದೆ. ಎರಡು ಮಾರು ಹೋದೆ. ಮತ್ತೆ ಕೆದರಿದೆ. ಸೈಕಲ್ಲಿನ ಪೋಷಣೆಯ ಪುಸ್ತಕದಲ್ಲಿ ಮಣ್ಣು ಒರೆಸಲು ಮೆತ್ತನೆಯ ಫ್ಲಾನೆಲ್ ಬಟ್ಟೆ ಬಳಸಬೇಕೆಂದಿದೆ.

ಮಾಣಿಕಪ್ಪನ ಗಾಡಿ ನಿಧಾನಕ್ಕೆ ಬಂದು ನನ್ನ ಪಕ್ಕ ನಿಂತಿತು. ಅವನು ನಗಲಿಲ್ಲ. ಇಳಿದು, ಅಚ್ಚಿನ ಕೀಲು ಬಿಗಿಯುವ ಇಕ್ಕಳದಿಂದ ಎರಡೂ ಮಡ್‌ಗಾರ್ಡು ಬಿಚ್ಚಿ ನನ್ನ ಕೈಗೆ ಕೊಟ್ಟ.

“ಇವ್ನ ಮನ್ಯಾಗ ಇಡ್ರಿ, ಚಂದ ಕಾಣ್ತಾವ. ಎರಿ ಹೊಲದಾಗ ಎತ್ತಿನ ಕಾಲಿಗಿ ಯಾರರ ಬೂಟು ಹಾಕ್ತಾರೇನ್ರಿ?” ಆಮೇಲೆ ಸೈಕಲ್ಲನ್ನು ಗಾಡಿಗೆ ಏರಿಸಿ ಹಗ್ಗ ಬಿಗಿದ. “ನಡೀರಿ. ನಿಮ್ಮ ಕುದ್ರಿ ನಮ್ಮ ಎತ್ತಿನ ಮ್ಯಾಲ ಕುಂತದ.”

ಗಾಡಿಯನ್ನು ಸೋಲಿಸಲು ತಂದ ಸೈಕಲ್ಲು ಹೀಗೆ ಗಾಡಿಯಲ್ಲಿ ಕುಳಿತು ಔರಾದ ಸೇರಿತು. ದಾರಿಯಲ್ಲಿ ಎದುರಾದವರೆಲ್ಲ ಮಾಣಿಕಪ್ಪನನ್ನು ಏನು ಹೇರಿದ್ದೀ ಎಂದು ಕೇಳಿದರು. ಅವನು ಒಬ್ಬೊಬ್ಬರಿಗೆ ಒಂದೊಂದು ಹೇಳಿದ.

ಔರಾದ

ಗೌರವ್ವನ ಹೆರಿಗೆ ಇನ್ನೂ ಆಗಿರಲಿಲ್ಲ. ಅಕ್ಕ ಮೊದಲು ಹೇಳಿದ್ದು ಅದನ್ನೇ. ಆಮೇಲೆ ನನ್ನನ್ನು ಒಳಗೆ ಕರೆದಳು.

ನಾಲ್ಕು ದಿನ ದವಾಖಾನೆಯ ಹಿಂದಿನ ಕಣದಲ್ಲಿ ಕಲಿಸಿದೆ. ಹೆರಿಗೆಯ ಕೋಣೆಯಲ್ಲಿ ಕಣ್ಣು ಮಿಟುಕಿಸದ ಹೆಂಗಸು ಸೈಕಲ್ಲು ವಾಲಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹತ್ತಲು ಎತ್ತರ ಸಾಲದೆಂದು ಭಾವನ ಮೂರು ಪುಸ್ತಕಗಳನ್ನು ಗೋಣಿಯಲ್ಲಿ ಸುತ್ತಿ ಮೆಟ್ಟಿಲು ಮಾಡಿದೆ. ಪುಸ್ತಕ ತುಳಿಯುವುದೇ ಎಂದು ಗಾಬರಿಯಾದಳು. ಕೊನೆಗೆ ಪ್ರತಿ ಸಲವೂ ಗೋಣಿಗೆ ಕೈ ಮುಟ್ಟಿಸಿ, ಕಣ್ಣಿಗೊತ್ತಿಕೊಂಡು, ಆಮೇಲೆ ತುಳಿದಳು. ಹತ್ತುವುದು ಬಂತು. ತಿರುಗಿಸುವುದು ಬರಲಿಲ್ಲ. ನಾಲ್ಕನೆಯ ದಿನ ನಾನು ಅವಳ ಮೇಲೆ ರೇಗಿದೆ, ಅವಳು ಕಣದ ಮೇಲೆ ರೇಗಿದಳು.

ಐದನೆಯ ಮುಂಜಾನೆ ಚಿಂತಾಕಿಯಿಂದ ಸಂತೆಗೆ ಬಂದ ಒಬ್ಬ, ದವಾಖಾನೆಯ ಕಟ್ಟೆಯ ಮೇಲೆ ಬೆಲ್ಲ ಇಳಿಸುತ್ತ, “ಗೌರವ್ವಗ ಬ್ಯಾನಿ ಎದ್ದಾವ್ರಿ,” ಎಂದ.

ನಾನು ಸೈಕಲ್ಲು ತೆಗೆದೆ. ತಿರುಗಿ ನೋಡಿದರೆ ಅಕ್ಕ ಬಿಳಿ ಸೀರೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು, ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣು ದಾರಿಯ ಮೇಲಿತ್ತು.

“ಯಾಕ ಕುಂತಿ?”

“ಗಾಡಿ ಕಳಸ್ತಾರ. ಸ್ವಲ್ಪ ತಡಿ.”

“ಅಕ್ಕಾ, ಸೈಕಲ್ ಅದ. ಇದಕ್ಕಂತನ ತರಿಸೀದಿ!”

ಅವಳು ಸೈಕಲ್ಲನ್ನು, ಈಗ ತಾನೇ ಕಂಡವಳಂತೆ, ನೋಡಿದಳು. ಆಮೇಲೆ ಎದ್ದು ಬಂದು ಹಿಂದಿನ ಕ್ಯಾರಿಯರಿನ ಮೇಲೆ ಕೂತಳು.

ಚಿಂತಾಕಿ

ಎಷ್ಟು ದೂರವೆಂದು ಮೂವರನ್ನು ಕೇಳಿದೆ. ಎರಡು ಹರದಾರಿ, ಮೂರು ಹರದಾರಿ, “ಹೋದ್ರ ಬರ್ತದ.” ಕೊನೆಯವನು ಹೇಳಿದ್ದೇ ಸರಿ. ಗಾಡಿಗಳು ಹಳ್ಳ ಬಳಸಿ ಸುತ್ತುದಾರಿಯಲ್ಲಿ ಹೋಗುತ್ತವೆ. ನಾವು ಕಾಲುದಾರಿ ಹಿಡಿದೆವು. ನಾನು ತುಳಿದೆ, ಕೆಸರಿನಲ್ಲಿ ಇಬ್ಬರೂ ಇಳಿದು ನೂಕಿದೆವು, ಹಳ್ಳದಲ್ಲಿ ಹೊತ್ತು ದಾಟಿಸಿದೆವು. ಮಡ್‌ಗಾರ್ಡು ಇರಲಿಲ್ಲವಾಗಿ ಗಾಲಿ ನಿಲ್ಲಲಿಲ್ಲ. ಅದು ಎಸೆದ ಕೆಸರೆಲ್ಲ ಹಿಂದೆ ಕೂತ ಅಕ್ಕನ ಬೆನ್ನಿಗೆ ಹೋಯಿತು. ನನ್ನ ಸೀರೆ ಹೆಚ್ಚು ಕಡಿಮೆ ಚೊಕ್ಕಟವಾಗೇ ಇತ್ತು. ಇದು ಮುಂದೆ ಕೆಲಸಕ್ಕೆ ಬಂತು.

ಗೌರವ್ವನ ಅತ್ತೆ ಬಾಗಿಲಲ್ಲೇ ನಿಂತಿದ್ದರು. ನಮ್ಮನ್ನು ನೋಡಿದರು. ನಮ್ಮ ಹಿಂದೆ ನೋಡಿದರು.

“ಗಾಡಿ ಎಲ್ಲದ?”

“ನೀವು ಗಾಡಿ ಕಳಸೀರೇನ್ರಿ?” ಎಂದಳು ಅಕ್ಕ.

“ನಸಿಕಿನ್ಯಾಗನ ಹೋಗ್ಯದ! ಗೌಡ್ರ ಮನಿ ಗಾಡಿ. ನನ್ನ ಮಗ ಮೂರು ಸಲ ಹೋಗಿ ಕೈ ಮುಗದು ತಂದಾನ.”

“ಸುತ್ತಿನ ದಾರಿಲಿಂದ ಹೋಗ್ಯದಂತ ಕಾಣ್ತದ. ಇರಲಿ, ಸರೀರಿ ಆಯಿ, ನಾ ಒಳಗ ಹೋಗ್ತೇನಿ.”

ಅತ್ತೆ ಸರಿಯಲಿಲ್ಲ. ಅವರ ದನಿ ಇಳಿಯಿತು. “ಹೋದ ವರ್ಷ ಕೂಸು ಹೋತು. ಈಗ ಗಾಡಿ ಬರಿದ ಅಂಗಳಕ್ಕ ಬಂತಂದ್ರ? ಬರಿ ಗಾಡಿ ಬಂತು, ಈ ಸಲನೂ ಬರಿ ಉಡಿ ಅಂತಾರ ಮಂದಿ. ಊರ ಹೊರಗ ಬೇವಿನ ಗಿಡದ ಬಲ್ಲಿ ಕೂಡ್ರಿ ಬಾಯಿ, ಕೈ ಮುಗೀತೇನಿ. ಗಾಡಿ ಬಂದ ಮ್ಯಾಲ ಅದ್ರಾಗ ಬರ್ರಿ.”

ಸಿಟ್ಟಿನಲ್ಲಿ ನಾನು ಏನೋ ಕೂಗಿದೆ. ಏನೆಂದು ನೆನಪಿಲ್ಲ, ನೆನಪಿಲ್ಲದಿರುವುದೇ ಒಳ್ಳೆಯದು. ಅಷ್ಟರಲ್ಲಿ ಒಳಗಿನಿಂದ ಗೌರವ್ವನ ದನಿ ಬಂತು.

“ಅತ್ತೀ! ಗಾಡಿ ಸುಟ್ಟು ಹೋಗ್ಲಿ, ಆಕಿನ್ನ ಒಳಗ ಬಿಡ್ರಿ!”

ಅಕ್ಕ ಕೂಗಲಿಲ್ಲ. ಅತ್ತೆಯ ಕೈ ಹಿಡಿದು ಕಿವಿಯಲ್ಲಿ ಮಾತಾಡಿದಳು. ನಂತರ ಚೀಲದಲ್ಲಿದ್ದುದನ್ನೆಲ್ಲ ತನ್ನ ಸೆರಗಿಗೆ ಸುರಿದುಕೊಂಡು, ಬರಿದಾದ ಚೀಲವನ್ನು ನನಗೆ ಕೊಟ್ಟು, ಹಿತ್ತಲಿನ ಬಾಗಿಲಿಂದ ಒಳಗೆ ಹೋದಳು. ಹೋಗುವಾಗ ನನಗೆ ಹೇಳಿದ್ದು ಇಷ್ಟೇ: “ನಿನ್ನ ಸೀರಿ ಚೊಕ್ಕಟದ. ಗಾಡ್ಯಾಗ ನನ್ನ ಬದಲಿ ನೀ ಬಾ.”

ಬರಿ ಚೀಲ ತರಬಾರದೆಂದು ಅತ್ತೆ ಅದರಲ್ಲಿ ಎರಡು ಬೊಗಸೆ ಜೋಳ ಹಾಕಿದರು. ಸೈಕಲ್ಲನ್ನು ಹಿತ್ತಲಿನಲ್ಲಿ ನಿಲ್ಲಿಸಿ ಕಂಬಳಿ ಹೊದಿಸಿದರು.

ಬೇವಿನ ಗಿಡದ ಕೆಳಗೆ ಎಷ್ಟು ಹೊತ್ತು ಕೂತೆನೋ. ನೆರಳು ನನ್ನನ್ನು ಬಿಟ್ಟು ಸರಿದಂತೆಲ್ಲ ನಾನೂ ಸರಿದೆ. ಆ ಮನೆಯೊಳಗೆ ಏನಾಗುತ್ತಿದೆಯೆಂದು ತಿಳಿಯದೆ, ಜೋಳದ ಚೀಲವನ್ನು ಮಗುವಿನಂತೆ ಅಪ್ಪಿಕೊಂಡು, ಊರು ಕಟ್ಟುವ ಪುಸ್ತಕ ಬರೆದವನನ್ನು, ಭಾವನನ್ನು, ಗೌಡರ ಎತ್ತುಗಳನ್ನು, ಎಲ್ಲರನ್ನೂ ಬೈದೆ. ಬಿಸಿಲು ಇಳಿಯುವ ಹೊತ್ತಿಗೆ ಗಾಡಿ ಬಂತು. ಹೊಡೆಯುವವನ ಮುಖ ಒಣಗಿತ್ತು. ಗೌರವ್ವನ ಗಂಡ ಅವನ ಪಕ್ಕ ತಲೆ ತಗ್ಗಿಸಿ ಕೂತಿದ್ದ.

“ಔರಾದ ಎಲ್ಲಾ ಹುಡುಕಿದೇವ್ರಿ, ನರ್ಸಬಾಯಿ ಇಲ್ಲ,” ಎಂದು ಅಳುವ ದನಿಯಲ್ಲಿ ಹೇಳಿದ.

“ಒಳಗ ಅದಾಳ. ನನಗ ಹತ್ತಿಸ್ಕೋರಿ,” ಎಂದೆ.

ಇಬ್ಬರೂ ಒಂದು ಕ್ಷಣ ನನ್ನ ಮುಖ ನೋಡಿದರು. ಗಂಡ ಕಂಬಳಿ ಕೊಡವಿ ಹಾಸಿದ. ಹೊಡೆಯುವವನು ಎತ್ತುಗಳನ್ನು ತಿರುಗಿಸಿ, ಸ್ವಲ್ಪ ದೂರ ಹಿಂದಕ್ಕೆ ಹೋಗಿ, ಊರ ಬಾಗಿಲಿಂದ ಸರಿಯಾಗಿ ಒಳಗೆ ಬಂದ.

ಓಣಿಯ ಹೆಂಗಸರು ಬಾಗಿಲುಗಳಲ್ಲಿ ನಿಂತಿದ್ದರು. ಅತ್ತೆ ತಂಬಿಗೆ ಹಿಡಿದು ಬಂದರು. ಎರಡೂ ಗಾಲಿಗೆ ನೀರು ಹಾಕಿ, ಓಣಿಗೆಲ್ಲ ಕೇಳುವಂತೆ, “ನರ್ಸಬಾಯಿ ಬಂದ್ರು! ಇನ್ನ ಹೆದರಿಕಿ ಇಲ್ಲ!” ಎಂದರು.

ಅದೇ ಹೊತ್ತಿಗೆ ಮನೆಯೊಳಗಿನಿಂದ ಕೂಸಿನ ಅಳು ಕೇಳುತ್ತಿತ್ತು. ಜೋರಾದ, ಸಿಟ್ಟಿನ ಅಳು. ಓಣಿಯಲ್ಲಿ ಒಬ್ಬರೂ ಆ ಕಡೆ ತಲೆ ತಿರುಗಿಸಲಿಲ್ಲ. ನನ್ನ ಕಾಲಿಗೆ ನೀರು ಕೊಟ್ಟರು. ಚೀಲವನ್ನು ಎರಡೂ ಕೈಯಿಂದ ಇಳಿಸಿಕೊಂಡರು. ಗೌರವ್ವನ ಗಂಡ ಮಾತ್ರ ಎತ್ತಿನ ಕೊರಳ ಹಿಂದೆ ಮುಖ ಮರೆಸಿಕೊಂಡು ನಿಂತಿದ್ದ.

ಹೆಣ್ಣು ಕೂಸು. ಗಾಡಿ ಬರುವುದಕ್ಕೆ ಬಹಳ ಮೊದಲೇ ಹುಟ್ಟಿತ್ತು. ಗಾಡಿ ಬಂದ ಮೇಲೆ ಹುಟ್ಟಿತೆಂದೇ ಚಿಂತಾಕಿಯಲ್ಲಿ ಇಂದಿಗೂ ಹೇಳುತ್ತಾರೆ.

ಮತ್ತೆ ಔರಾದ

ಹೊರಡುವ ಮುಂಜಾನೆ ಅಕ್ಕ ದವಾಖಾನೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಮುಂದಿನ ಗಾಲಿಗೆ ಹವಾ ಹಾಕುತ್ತಿದ್ದಳು. ಚಿಂತಾಕಿಯಿಂದ ಬಂದ ಮೇಲೆ ಅವಳಿಗೆ ತಿರುಗಿಸುವುದೂ ಬಂದಿತ್ತು, ಒಂದೇ ದಿನದಲ್ಲಿ, ನಾನು ಕಲಿಸದೆ. ಕಟ್ಟೆಯ ಮೇಲೆ ಚೀಲ ಹಿಡಿದು ಕೂತಿದ್ದ ಅವಳ ಚಿತ್ರ ನನ್ನ ಕಣ್ಣಿನಿಂದ ಹೋಗಿರಲಿಲ್ಲ. ಕೇಳಬಾರದಿತ್ತೇನೋ. ಕೇಳಿದೆ. ಪಂಪು ನಿಂತಿತು. ಅವಳು ಹೆಬ್ಬೆರಳಿನಿಂದ ಟಯರು ಒತ್ತಿ ನೋಡಿ, “ಹಿಂದಿನದಕ್ಕೂ ಹಾಕಬೇಕು,” ಎಂದು ಆ ಕಡೆ ಸರಿದಳು.

ದಿನಚರಿಯಲ್ಲಿ “ಹಿಂದಿನದಕ್ಕೂ ಹಾಕಬೇಕು” ಎಂಬುದಿದೆ. ನನ್ನ ಪ್ರಶ್ನೆಯಿಲ್ಲ. ಹಾಗಾದರೆ ನಾನು ಬಾಯಿಬಿಟ್ಟು ಕೇಳಿದೆನೋ, ಮನಸ್ಸಿನಲ್ಲೇ ಕೇಳಿಕೊಂಡೆನೋ ಎಂದು ಸಂಶಯ ಬಂದು, ಧಾರವಾಡಕ್ಕೆ ಬಂದ ಮೇಲೆ ಕಾಗದದಲ್ಲಿ ಬರೆದು ಕೇಳಿದೆ. ಅವಳ ಪತ್ರಗಳು ಬರುತ್ತಲೇ ಇವೆ. ಜಾಲಿ ಮುಳ್ಳಿಗೆ ಎಷ್ಟು ಸಲ ಪಂಕ್ಚರಾಯಿತು, ಯಾವ ಊರಿನಲ್ಲಿ ಹಿತ್ತಲ ಬಾಗಿಲು ತೆಗೆದರು, ಯಾವ ಊರಿನಲ್ಲಿ ತಲೆಬಾಗಿಲನ್ನೇ ತೆಗೆದರು, ಗೌರವ್ವನ ಮಗಳಿಗೆ ಎರಡು ಹಲ್ಲು ಬಂದಿವೆ, ಭಾವನ ರಸ್ತೆಯ ಜಲ್ಲಿಯನ್ನು ಯಾರೋ ಮನೆ ಕಟ್ಟಲು ಒಯ್ದರು. ಎಲ್ಲ ಇರುತ್ತದೆ. ನಾನು ಕೇಳಿದ್ದೊಂದು ಇರುವುದಿಲ್ಲ. ಪ್ರತಿ ಪತ್ರವನ್ನೂ ಅದಕ್ಕಾಗಿಯೇ ಎರಡು ಸಲ ಓದುತ್ತೇನೆ.

ಅಕ್ಕಾ, ಗೌರವ್ವನ ಹಿಂದಿನ ಹೆರಿಗೆಗೆ ತಡವಾಗಿ ಬಂದದ್ದು ಗಾಡಿಯೋ, ಬ್ಯಾನಿ ಎದ್ದದ್ದು ಗೊತ್ತಿದ್ದೂ ಗಾಡಿ ಬರಲೆಂದು ಆ ಕಟ್ಟೆಯ ಮೇಲೆ ಕೂತದ್ದು ನೀನೋ?